ಪಿಕಪ್ ಅಡಿಯಲ್ಲಿ ಸಿಗುವ ರಾಬರ್ಟ್ ಹುಕ್

ಹೊಳೆನರಸೀಪುರದಲ್ಲಿ ಬಾಡಿಗೆಗೆ ಕಾಯ್ತಾ ನಿಂತಿರೋ ಪಿಕಪ್‌ಗಳನ್ನ ಒಮ್ಮೆ ಪಕ್ಕದಿಂದ ನೋಡಿ. ಖಾಲಿ ಗಾಡಿಯ ಮೂತಿ ಸ್ವಲ್ಪ ತಗ್ಗಿರುತ್ತೆ, ಹಿಂಭಾಗ ಎದ್ದಿರುತ್ತೆ, ನೀರು ಕುಡಿಯೋಕೆ ಬಗ್ಗಿದ ಎತ್ತಿನ ಥರ. ಅದೇ ಗಾಡಿಗೆ ಹಾಸನದ ಎಪಿಎಂಸಿಗೆ ಹೋಗೋ ಆಲೂಗಡ್ಡೆ ಮೂಟೆನೋ, ಅರಕಲಗೂಡು ಕಡೆಯ ಶುಂಠಿನೋ, ಚನ್ನರಾಯಪಟ್ಟಣದ ತೆಂಗಿನಕಾಯಿನೋ ಹೇರಿದ ಮೇಲೆ ನೋಡಿದ್ರೆ ಹಿಂದಿನ ಪಾಟಾ ಕೂತು ಗಾಡಿ ಸಮ ಆಗಿರುತ್ತೆ. ಅಂದ್ರೆ ಆ ಓರೆಯನ್ನ ಗಾಡಿ ಮಾಡಿದವರು ಬೇಕಂತಲೇ ಇಟ್ಟಿದ್ದು. ಲೋಡ್ ಬಿದ್ದಾಗ ಹಿಂಭಾಗ ಎಷ್ಟು ಇಳಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ಎತ್ತಿ ಇಟ್ಟಿರ್ತಾರೆ.

ಆದ್ರೆ ಪಿಕಪ್ ಇರೋರೆಲ್ಲ ಲೋಡ್ ಹೊಡೆಯಲ್ಲ. ಡಬಲ್ ಕ್ಯಾಬ್ ತಗೊಂಡು ಮನೆಯವರನ್ನ ಕೂರಿಸ್ಕೊಂಡು ಓಡಾಡೋರು, ದೊಡ್ಡ ಟೈರ್ ಹಾಕೋ ಆಸೆ ಇರೋರು ಮುಂಭಾಗ ಎತ್ತಿಸಿ ಗಾಡಿನ ಲೆವೆಲ್ ಮಾಡಿಸೋಕೆ ಹೋಗ್ತಾರೆ. ಕಾಯಿಲ್ ಸ್ಪ್ರಿಂಗ್ ಇದ್ರೆ ಅದರ ಮೇಲೆ ಒಂದು ಸ್ಪೇಸರ್ ಇಡ್ತಾರೆ. ಟಾರ್ಷನ್ ಬಾರ್ ಇದ್ರೆ ಅದರ ತುದಿಯ ಬೋಲ್ಟ್ ತಿರುಗಿಸ್ತಾರೆ. ಮುಂದೂ ಪಾಟಾನೇ ಇದ್ರೆ ಇನ್ನೊಂದು ಪಾಟಾ ಸೇರಿಸ್ತಾರೆ. ಆಮೇಲೆ ಗ್ಯಾರೇಜ್ ಮುಂದೆ ಟೀ ಕುಡೀತಾ ಒಂದು ವಾದ ಶುರುವಾಗುತ್ತೆ: ಹೀಗೆ ಎತ್ತಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತಾ ಇಲ್ವಾ? ಇನ್ನೊಬ್ಬ ಕೇಳ್ತಾನೆ, ಜಾಯಿಂಟ್ ಕ್ರಾಸ್ ಬೇಗ ಹೋಗುತ್ತಾ?

ಈ ಎರಡೂ ಪ್ರಶ್ನೆ ಕೊನೆಗೆ ಒಬ್ಬನೇ ಮನುಷ್ಯನ ಹತ್ತಿರ ಹೋಗುತ್ತೆ. ಆತ ತೀರಿಕೊಂಡು 300 ವರ್ಷದ ಮೇಲಾಯ್ತು. ನಮಗೆ ಪಿಯುಸಿಯಲ್ಲಿ ಒಂದು ಸಾಲಿನ ನಿಯಮವಾಗಿ ಪರಿಚಯ ಆಗಿ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಒಂದು ಗ್ರಾಫಿನ ಮೊದಲ ನೇರ ಗೆರೆಯಾಗಿ ಮತ್ತೆ ಬಂದ ರಾಬರ್ಟ್ ಹುಕ್. ಆ ಗೆರೆ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನೋದನ್ನ ಸಿಲಬಸ್ ಹೇಳಲ್ಲ.

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರೋ ಐಲ್ ಆಫ್ ವೈಟ್ ಅನ್ನೋ ದ್ವೀಪದಲ್ಲಿ, ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಮಗು ಬದುಕುತ್ತೆ ಅಂತ ಯಾರಿಗೂ ನಂಬಿಕೆ ಇರಲಿಲ್ಲವಂತೆ, ಅಷ್ಟು ಕಾಯಿಲೆ. ಓದೋಕೆ ಕೂತ್ರೆ ತಲೆನೋವು. ಹಾಗಾಗಿ ತಂದೆ ಓದಿಸೋ ಆಸೆ ಬಿಟ್ಟು ಹುಡುಗನನ್ನ ಅವನ ಪಾಡಿಗೆ ಬಿಟ್ಟರು. ಅವನು ಒಂದು ಹಿತ್ತಾಳೆ ಗಡಿಯಾರ ಬಿಚ್ಚೋದನ್ನ ನೋಡಿದ, ಹೋಗಿ ಮರದಲ್ಲಿ ಅದೇ ಥರದ್ದೊಂದು ಮಾಡಿದ, ಅದು ಓಡಿತು. ಹಗ್ಗ, ರಾಟೆ, ಸಣ್ಣ ಫಿರಂಗಿ ಎಲ್ಲ ಇರೋ ಆಟಿಕೆ ಹಡಗೊಂದನ್ನೂ ಮಾಡಿದ. ನಮ್ಮ ಕಡೆ ಇಂಥ ಹುಡುಗರನ್ನ ಮಿಕ್ಸಿ, ರೇಡಿಯೋ ಮುಟ್ಟೋಕೆ ಬಿಡಲ್ಲ.

13ನೇ ವಯಸ್ಸಿಗೆ ತಂದೆ ತೀರಿಕೊಂಡರು. ಕೈಗೆ ಬಂದ ಸ್ವಲ್ಪ ಹಣ ಹಿಡ್ಕೊಂಡು ಹುಡುಗ ಲಂಡನ್ ಸೇರಿದ. ಚೆನ್ನಾಗಿ ಚಿತ್ರ ಬರೀತಿದ್ದ ಅಂತ ಪೀಟರ್ ಲೆಲಿ ಅನ್ನೋ ದೊಡ್ಡ ಚಿತ್ರಕಾರನ ಹತ್ತಿರ ಬಿಟ್ಟರು. ಬಣ್ಣದ ಎಣ್ಣೆ ವಾಸನೆಗೆ ಮತ್ತೆ ತಲೆನೋವು ಬಂತು, ಅದೂ ಅಲ್ಲಿಗೇ ನಿಂತಿತು. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಶಾಲೆ. ಅಲ್ಲಿನ ಮೇಷ್ಟ್ರು ರಿಚರ್ಡ್ ಬಸ್ಬಿ ಇವನನ್ನ ಮನೆಯಲ್ಲೇ ಇಟ್ಕೊಂಡು ಓದಿಸಿದರು. ಯೂಕ್ಲಿಡ್‌ನ ಮೊದಲ ಆರು ಪುಸ್ತಕವನ್ನ ಒಂದೇ ವಾರದಲ್ಲಿ ಮುಗಿಸಿದ ಅನ್ನೋ ಕಥೆ ಈ ಕಾಲದ್ದು. ಸ್ವಲ್ಪ ಉಪ್ಪು ಖಾರ ಸೇರಿರಬಹುದು, ಆದ್ರೆ ಹುಡುಗ ಚುರುಕಾಗಿದ್ದ ಅನ್ನೋದರಲ್ಲಿ ಅನುಮಾನ ಇಲ್ಲ. 16ರ ಸುಮಾರಿಗೆ ಅವನ ಬೆನ್ನು ಬಾಗೋಕೆ ಶುರುವಾಯ್ತು. ಲೇತ್ ಮೇಲೆ ಬಗ್ಗಿ ಬಗ್ಗಿ ಕೆಲಸ ಮಾಡಿ ಹೀಗಾಯ್ತು ಅಂತ ಅವನೇ ನಂಬಿದ್ದ. ಸಾಯೋವರೆಗೂ ಬೆನ್ನು ಹಾಗೇ ಉಳೀತು.

1653ರಲ್ಲಿ ಆಕ್ಸ್‌ಫರ್ಡ್. ಹಣವಿರಲಿಲ್ಲ, ಚರ್ಚಿನ ಹಾಡುಗಾರರ ಕೋಟಾದಲ್ಲಿ ಸೀಟು ಸಿಕ್ಕಿತು. ಅಲ್ಲಿ ರಾಬರ್ಟ್ ಬಾಯ್ಲ್ ಎಂಬ ಶ್ರೀಮಂತ ವಿಜ್ಞಾನಿಗೆ ಸಹಾಯಕನಾದ. ಬಾಯ್ಲ್‌ಗೆ ಬೇಕಾಗಿದ್ದ ಗಾಳಿ ಪಂಪನ್ನ ಕೆಲಸ ಮಾಡೋ ಹಾಗೆ ಕಟ್ಟಿದ್ದು ಹುಕ್. ಆ ಪಂಪ್ ಹಿಡ್ಕೊಂಡು ಮಾಡಿದ ಕೆಲಸವೇ ಮುಂದೆ 1662ರಲ್ಲಿ ಬಾಯ್ಲ್ ನಿಯಮಕ್ಕೆ ದಾರಿಯಾಯ್ತು. ನಿಯಮಕ್ಕೆ ಹೆಸರು ಬಾಯ್ಲ್‌ದು. ಇಲ್ಲಿ ಮೋಸ ಏನೂ ಇಲ್ಲ, ಬಾಯ್ಲ್ ಇವನನ್ನ ಚೆನ್ನಾಗೇ ನೋಡ್ಕೊಂಡ. ಆದ್ರೂ ಈ ಮಾದರಿ ಹುಕ್‌ನ ಜೀವನದುದ್ದಕ್ಕೂ ಬರುತ್ತೆ: ಸಾಮಾನು ಕಟ್ಟೋದು ಇವನು, ಬೋರ್ಡ್ ಮೇಲೆ ಹೆಸರು ಇನ್ನೊಬ್ಬರದು.

1662ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನ ಪ್ರಯೋಗಗಳ ಉಸ್ತುವಾರಿಗೆ ಹಾಕ್ಕೊಂಡಿತು. ಕೆಲಸ ಏನಂದ್ರೆ, ಪ್ರತಿ ಸಭೆಗೂ ಮೂರು ನಾಲ್ಕು ಹೊಸ ಪ್ರಯೋಗ ಮಾಡಿ ತೋರಿಸೋದು. ನಮಗೆ ಒಂದು ಸೆಮಿಸ್ಟರ್‌ಗೆ ಹತ್ತು ಹನ್ನೆರಡು ಪ್ರಯೋಗ, ಅದೂ ಮ್ಯಾನ್ಯುಯಲ್ ನೋಡ್ಕೊಂಡು. ಇವನಿಗೆ ವಾರವಾರ ಹೊಸದು, ಮೊದಮೊದಲು ಸಂಬಳವೂ ಇಲ್ಲ. ಜಾನ್ ಕಟ್ಲರ್ ಅನ್ನೋ ವ್ಯಾಪಾರಿ ಉಪನ್ಯಾಸಕ್ಕೆ ಅಂತ ವರ್ಷಕ್ಕೆ 50 ಪೌಂಡ್ ಕೊಡ್ತೀನಿ ಅಂತ ಒಪ್ಪಿ ಆಮೇಲೆ ಕೈ ಎತ್ತಿದ. ಹುಕ್ ಕೋರ್ಟಿಗೆ ಹೋದ, ಗೆದ್ದ. ತೀರ್ಪು ಬಂದದ್ದು 1696ರಲ್ಲಿ, ಅವನ ಹುಟ್ಟುಹಬ್ಬದ ದಿನ. ಅಷ್ಟೊತ್ತಿಗೆ ಕಟ್ಲರ್ ತೀರಿಕೊಂಡು ವರ್ಷಗಳಾಗಿತ್ತು.

1665ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೆಲ್ಲ ಚಿತ್ರ ಬರೆದು ಮೈಕ್ರೋಗ್ರಾಫಿಯಾ ಪುಸ್ತಕ ತಂದ. ಬೆಂಡಿನ ಬಿರಡೆಯ ಚೂರಿನಲ್ಲಿ ಕಂಡ ಸಣ್ಣ ಕೋಣೆಗಳಿಗೆ ಸೆಲ್ ಅಂತ ಹೆಸರಿಟ್ಟವನು ಇವನೇ. ಬಯಾಲಜಿಯವರು ಅದನ್ನ ಚೆನ್ನಾಗಿ ನೆನಪಿಟ್ಟಿದ್ದಾರೆ, ಅವರಿಗೇ ಬಿಡೋಣ. ನಮಗೆ ಬೇಕಾಗಿರೋದು ಅದೇ ವರ್ಷದ ಮೇ 1. ಅವತ್ತು ಲಂಡನ್ ಹೊರಗೆ ಕರ್ನಲ್ ಬ್ಲೌಂಟ್ ಅನ್ನೋರ ಮನೆಯಲ್ಲಿ ರಾಯಲ್ ಸೊಸೈಟಿಯ ಕೆಲವರು ಸೇರಿದ್ದರು. ಹುಕ್ ಕೂಡ ಇದ್ದ. ಕಾರಣ ಊಟ, ಜೊತೆಗೆ ಕುದುರೆ ಗಾಡಿಗಳ ಪರೀಕ್ಷೆ. ಆಗಿನ ಗಾಡಿಗಳಲ್ಲಿ ಕೂತ್ರೆ ಸೊಂಟ ಮುರಿಯೋ ಸ್ಥಿತಿ. ಸ್ಪ್ರಿಂಗ್ ಹಾಕಿ ಆ ಕುಲುಕಾಟ ಕಡಿಮೆ ಮಾಡೋಕಾಗುತ್ತಾ ಅಂತ ನೋಡ್ತಿದ್ದರು. ಹಲವು ಬಗೆ ಪ್ರಯತ್ನಿಸಿದರು. ಗಾಡಿಯ ಇಡೀ ಮೈಯನ್ನ ಒಂದೇ ಉದ್ದನೆ ಸ್ಪ್ರಿಂಗ್ ಮೇಲೆ ಕೂರಿಸಿದ್ದು ಎಲ್ಲಕ್ಕಿಂತ ಆರಾಮಾಗಿತ್ತು ಅಂತ ಆ ದಿನ ಜೊತೆಗಿದ್ದ ಸ್ಯಾಮ್ಯುಯಲ್ ಪೀಪ್ಸ್ ತನ್ನ ಡೈರಿಯಲ್ಲಿ ದಾಖಲಿಸಿದ್ದಾನೆ. ಆ ಬೇಸಿಗೆಯಲ್ಲಿ ಲಂಡನ್‌ಗೆ ಪ್ಲೇಗ್ ಬಂತು. ಹುಕ್ ಊರು ಬಿಟ್ಟು ಇನ್ನಿಬ್ಬರ ಜೊತೆ ಎಪ್ಸಮ್ ಹತ್ತಿರ ಇದ್ದುಕೊಂಡು ಅಲ್ಲೂ ಗಾಡಿಗಳ ಮೇಲೆ ಪ್ರಯೋಗ ಮುಂದುವರಿಸಿದ. ಕೊರೊನಾ ಟೈಮಲ್ಲಿ ನಾವು ಮನೆಯಲ್ಲಿ ಕೂತು ಏನು ಮಾಡಿದ್ವಿ ಅನ್ನೋದನ್ನ ಇಲ್ಲಿ ಹೋಲಿಸೋಕೆ ಹೋಗಲ್ಲ.

ಮರುವರ್ಷ, 1666ರ ಸೆಪ್ಟೆಂಬರ್‌ನಲ್ಲಿ ಲಂಡನ್ ನಗರ ಸುಟ್ಟು ಹೋಯ್ತು. ಹೊಸದಾಗಿ ಕಟ್ಟೋಕೆ ಮೊದಲು ಯಾರ ಸೈಟು ಎಲ್ಲಿತ್ತು ಅಂತ ಅಳೀಬೇಕಲ್ಲ. ನಗರದ ಸರ್ವೇಯರ್ ಆಗಿ ಬೂದಿ ಮೇಲೆ ಗೂಟ ಹೊಡೆದು ಗಡಿ ಗುರುತಿಸಿದವರಲ್ಲಿ ಹುಕ್ ಮುಖ್ಯ. ಸ್ನೇಹಿತ ಕ್ರಿಸ್ಟೋಫರ್ ರೆನ್ ಜೊತೆ ಸೇರಿ ಬೆಂಕಿಯ ನೆನಪಿಗೆ 202 ಅಡಿ ಎತ್ತರದ ಮಾನ್ಯುಮೆಂಟ್ ಕಂಬ ಕಟ್ಟಿದ. ಒಳಗೆ ಟೊಳ್ಳು, 311 ಮೆಟ್ಟಿಲು. ಸ್ಮಾರಕ ಅಂತ ಹೇಳಿ ಕಟ್ಟಿಸಿ ಒಳಗಿನ ಟೊಳ್ಳನ್ನ ನೇರ ಮೇಲಕ್ಕೆ ನೋಡೋ ದೂರದರ್ಶಕ ಮಾಡ್ಕೋಬೇಕು ಅನ್ನೋ ಯೋಜನೆ ಇತ್ತು. ಈ ಮನುಷ್ಯ ನನಗೆ ಇಷ್ಟ ಆಗೋದು ಇಂಥದ್ದಕ್ಕೇ.

ಇನ್ನು ಸ್ಪ್ರಿಂಗ್ ವಿಷಯ. ಜೇಬಿನ ಗಡಿಯಾರಕ್ಕೆ ಸ್ಪ್ರಿಂಗ್ ಹಾಕಿದ್ರೆ ಟೈಮ್ ಸರಿಯಾಗಿ ತೋರಿಸುತ್ತೆ ಅಂತ ಹುಕ್ ಬಹಳ ಹಿಂದೆಯೇ ಯೋಚಿಸಿದ್ದ, ಆದ್ರೆ ಪ್ರಕಟಿಸದೆ ಇಟ್ಟುಕೊಂಡಿದ್ದ. 1675ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಸುರುಳಿ ಸ್ಪ್ರಿಂಗಿನ ಗಡಿಯಾರ ಪ್ರಕಟಿಸಿದ. ಹುಕ್‌ಗೆ ಉರಿದು ಹೋಯ್ತು. ಥಾಮಸ್ ಟಾಂಪಿಯನ್ ಎಂಬ ಗಡಿಯಾರದವನ ಜೊತೆ ಸೇರಿ ರಾಜನಿಗೆ ತನ್ನದೇ ಗಡಿಯಾರ ಮಾಡಿಕೊಟ್ಟ, ನಾನೇ ಮೊದಲು ಅಂತ ಜಗಳ ಆಡಿದ. ಆ ಸಿಟ್ಟಿನ ಹೊತ್ತಲ್ಲೇ 1676ರಲ್ಲಿ ಸೂರ್ಯನನ್ನ ನೋಡೋ ಉಪಕರಣಗಳ ಬಗ್ಗೆ ಒಂದು ಸಣ್ಣ ಪುಸ್ತಕ ತಂದ. ಅದರ ಕೊನೆಯಲ್ಲಿ ಕೆಲವು ಸಂಶೋಧನೆಗಳನ್ನ ಒಗಟಾಗಿ ಇಟ್ಟ. ಲ್ಯಾಟಿನ್ ವಾಕ್ಯದ ಅಕ್ಷರಗಳನ್ನ ಕಲಸಿ ವರ್ಣಮಾಲೆ ಕ್ರಮದಲ್ಲಿ ಜೋಡಿಸಿ ಬಿಟ್ಟದ್ದು. ಓದಿದವರಿಗೆ ಅರ್ಥ ಆಗಲ್ಲ, ನಾಳೆ ಯಾರಾದ್ರೂ ಕಂಡುಹಿಡಿದ್ರೆ ಮೊದಲೇ ನನಗೆ ಗೊತ್ತಿತ್ತು ಅಂತ ಬಿಡಿಸಿ ತೋರಿಸಬಹುದು. ಪೇಟೆಂಟ್ ಫೈಲ್ ಮಾಡಿದ ಹಾಗೆ, ಆದ್ರೆ ಯಾರಿಗೂ ಕಾಣದ ಹಾಗೆ. ಎರಡು ವರ್ಷದ ನಂತರ, 1678ರಲ್ಲಿ, ಸ್ಪ್ರಿಂಗ್ ಬಗ್ಗೆಯೇ ಬರೆದ ಪುಸ್ತಕದಲ್ಲಿ ಉತ್ತರ ಬಿಡಿಸಿದ: ಎಷ್ಟು ಎಳೀತೀರೋ ಅಷ್ಟು ಬಲ. ಸುರುಳಿ ತಂತಿ, ಗಡಿಯಾರದ ಸ್ಪ್ರಿಂಗ್, 20ರಿಂದ 40 ಅಡಿ ಉದ್ದದ ತಂತಿ, ಎಲ್ಲಕ್ಕೂ ತೂಕ ಕಟ್ಟಿ ಅಳೆದು ನೋಡಿದ್ದ. ನಾವು ಲ್ಯಾಬ್‌ನಲ್ಲಿ ರೀಡಿಂಗ್ ಬರೀತೀವಲ್ಲ, ಅದೇ ಕೆಲಸ.

ಈಗ ಪಿಕಪ್ ಹತ್ತಿರ ಬರೋಣ. ಲೆಕ್ಕಕ್ಕೆ ಅಂತ ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಮೇಲೆ 4,000 ನ್ಯೂಟನ್ ಭಾರ, ಸ್ಪ್ರಿಂಗಿನ ಗಟ್ಟಿತನ ಮಿಲಿಮೀಟರಿಗೆ 80 ನ್ಯೂಟನ್ ಅಂದುಕೊಳ್ಳಿ. ಸ್ಪ್ರಿಂಗ್ 50 ಮಿ.ಮೀ. ಕುಗ್ಗಿ ನಿಲ್ಲುತ್ತೆ. ಈಗ ಅದರ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ರಿ. ಗಾಡಿ ಎದ್ದಿತು. ಸ್ಪ್ರಿಂಗ್ ಎಷ್ಟು ಕುಗ್ಗಿದೆ? ಈಗಲೂ 50 ಮಿ.ಮೀ. ಮಾತ್ರ. ಯಾಕಂದ್ರೆ ಮೇಲಿರೋ ಭಾರ ಬದಲಾಗಿಲ್ಲ, ಗಟ್ಟಿತನವೂ ಬದಲಾಗಿಲ್ಲ. ಸ್ಪ್ರಿಂಗ್ ಇದ್ದ ಹಾಗೇ ಇದೆ, ಅದು ಕೂತಿರೋ ಜಾಗ ಮಾತ್ರ ಸರಿದಿದೆ. ಟಾರ್ಷನ್ ಬಾರ್‌ಗೂ ಹೆಚ್ಚುಕಡಿಮೆ ಇದೇ. ಬೋಲ್ಟ್ ತಿರುಗಿಸಿದಾಗ ಬಾರ್ ಇನ್ನಷ್ಟು ತಿರುಚಿಕೊಳ್ಳುತ್ತೆ ಅಂತ ಅನ್ಸುತ್ತೆ, ಆದ್ರೆ ಗಾಡಿ ಎದ್ದು ಆ ತಿರುಚನ್ನ ವಾಪಸ್ ಬಿಡಿಸ್ಕೊಳ್ಳುತ್ತೆ. ಟೀ ಅಂಗಡಿ ವಾದದಲ್ಲಿ ಗಟ್ಟಿ ಆಗಲ್ಲ ಅಂದವನು ಗೆದ್ದ. ಪಾಟಾ ಸೇರಿಸಿದವರಿಗೆ ಮಾತ್ರ ಇದು ಅನ್ವಯಿಸಲ್ಲ, ಅಲ್ಲಿ ಗಟ್ಟಿತನವೇ ಜಾಸ್ತಿ ಆಗುತ್ತೆ.

ಹಾಗಾದ್ರೆ ಎತ್ತಿಸಿದ ಗಾಡಿ ಹಳ್ಳದಲ್ಲಿ ಟಕ್ ಅಂತ ಹೊಡೆಯೋದು ಯಾಕೆ? ಚಕ್ರ ಮೇಲೆ ಕೆಳಗೆ ಹೋಗೋಕೆ ಒಟ್ಟು ಇಷ್ಟೇ ಅಂತ ಜಾಗ ಇರುತ್ತೆ. ಗಾಡಿ ಎತ್ತಿದಷ್ಟೂ ಚಕ್ರ ಕೆಳಗೆ ಇಳಿಯೋ ಜಾಗ ಕಡಿಮೆ ಆಗುತ್ತೆ. ಹಳ್ಳ ಬಂದಾಗ ತೋಳು ಬೇಗ ಸ್ಟಾಪರ್‌ಗೆ ಬಡಿಯುತ್ತೆ. ಜೊತೆಗೆ ಸ್ಪ್ರಿಂಗ್ ತೋಳಿನ ಮಧ್ಯದಲ್ಲಿ ಕೂತಿದ್ರೆ ಒಂದು ಇಂಚಿನ ಸ್ಪೇಸರ್‌ಗೆ ಚಕ್ರದ ಹತ್ತಿರ ಸುಮಾರು ಎರಡು ಇಂಚು ಎತ್ತರ ಬರುತ್ತೆ. ಇದು ಗೊತ್ತಿಲ್ಲದೆ ಎರಡು ಇಂಚು ಬೇಕು ಅಂತ ಎರಡು ಇಂಚಿನದೇ ಹಾಕಿಸಿದ್ರೆ ಕಥೆ ಮುಗೀತು. ಕ್ಯಾಂಬರ್, ಟೋ ಕೂಡ ಬದಲಾಗುತ್ತೆ, ಅಲೈನ್‌ಮೆಂಟ್ ಮಾಡಿಸದಿದ್ರೆ ಟೈರ್ ಒಂದು ಅಂಚಲ್ಲಿ ಸವೆಯುತ್ತೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ, ಅದನ್ನೂ ಇಳಿಸಬೇಕು. ಇನ್ನು ಎತ್ತಿಸಿದ ಗಾಡಿಗೆ ಮೂಟೆ ಹೇರಿದ್ರೆ ಹಿಂಭಾಗ ಕೂತು ಮೂತಿ ಆಕಾಶ ನೋಡುತ್ತೆ. ದಿನಾ ಲೋಡ್ ಹೊಡೆಯೋರು ಈ ಸಹವಾಸಕ್ಕೆ ಹೋಗದೇ ಇರೋದಕ್ಕೆ ಕಾರಣ ಇದೆ.

ಎರಡನೇ ಪ್ರಶ್ನೆ ಜಾಯಿಂಟ್ ಕ್ರಾಸ್‌ದು. ಸ್ಪ್ರಿಂಗ್ ಒಗಟು ಇಟ್ಟ ಅದೇ 1676ರ ಪುಸ್ತಕದಲ್ಲಿ ಹುಕ್ ಇನ್ನೊಂದು ಸಾಮಾನು ವಿವರಿಸಿದ್ದಾನೆ: ಎರಡು ಕವಲು, ನಡುವೆ ಒಂದು ಕ್ರಾಸ್. ಒಂದು ಶಾಫ್ಟ್ ಓರೆಯಾಗಿದ್ರೂ ಇನ್ನೊಂದನ್ನ ತಿರುಗಿಸುತ್ತೆ. ಯುನಿವರ್ಸಲ್ ಜಾಯಿಂಟ್ ಅಂತ ನಾವು ಕರೆಯೋದು ಇದನ್ನೇ, ಪಠ್ಯದಲ್ಲಿ ಹುಕ್ಸ್ ಜಾಯಿಂಟ್. ಪಿಕಪ್‌ನ ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಹೋಗೋ ಶಾಫ್ಟಿನಲ್ಲಿ ಇರೋದು ಅದೇ. ಇದಕ್ಕೊಂದು ಗುಣ ಇದೆ. ಒಂದು ಕಡೆ ಒಂದೇ ವೇಗದಲ್ಲಿ ತಿರುಗಿಸಿದ್ರೂ ಇನ್ನೊಂದು ಕಡೆ ಒಂದೇ ವೇಗದಲ್ಲಿ ತಿರುಗಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. ಓರೆ 10 ಡಿಗ್ರಿ ಇದ್ರೆ ಏರಿಳಿತ ಸುಮಾರು ಶೇ. 1.5, 20 ಡಿಗ್ರಿ ಆದ್ರೆ ಶೇ. 6. ಕೋನ ಎರಡರಷ್ಟಾದ್ರೆ ಅಲುಗಾಟ ನಾಲ್ಕರಷ್ಟು. ಎರಡು ತುದಿಯಲ್ಲಿ ಒಂದೊಂದು ಜಾಯಿಂಟ್ ಹಾಕಿ ಎರಡರ ಕೋನ ಸಮ ಇಟ್ಟರೆ ಒಂದರ ಏರಿಳಿತವನ್ನ ಇನ್ನೊಂದು ಕಳೆಯುತ್ತೆ.

ಹಿಂದಿನ ಚಕ್ರ ಓಡಿಸೋ ಪಿಕಪ್‌ನಲ್ಲಿ ಮೂತಿ 50 ಮಿ.ಮೀ. ಎತ್ತಿದ್ರೆ, ಎರಡು ಆಕ್ಸಲ್ ನಡುವೆ ಸುಮಾರು 3 ಮೀಟರ್ ಅಂತಿಟ್ಕೊಂಡ್ರೆ, ಇಡೀ ಗಾಡಿ ಓರೆ ಆಗೋದು ಒಂದು ಡಿಗ್ರಿ ಅಷ್ಟೇ. ಗೇರ್‌ಬಾಕ್ಸೂ ಹಿಂದಿನ ಆಕ್ಸಲ್ಲೂ ಒಟ್ಟಿಗೇ ಓರೆ ಆಗೋದ್ರಿಂದ ಕ್ರಾಸ್‌ಗೆ ದೊಡ್ಡ ತೊಂದರೆ ಇಲ್ಲ. ಆದ್ರೆ ಫೋರ್ ವ್ಹೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಶಾಫ್ಟ್ ಹೋಗುತ್ತೆ. ಅದು ಚಿಕ್ಕದು, ಎತ್ತಿದ ಪ್ರತಿ ಇಂಚೂ ನೇರ ಅದರ ಕೋನಕ್ಕೆ ಬೀಳುತ್ತೆ. ಅಲ್ಲಿ ಏರಿಳಿತ ಬರದ ಸಿವಿ ಜಾಯಿಂಟ್ ಹಾಕಿರ್ತಾರೆ, ಆದ್ರೂ ಕೋನ ಜಾಸ್ತಿ ಆದ್ರೆ ರಬ್ಬರ್ ಬೂಟ್ ಬೇಗ ಹರಿಯುತ್ತೆ, ಮಣ್ಣು ಒಳಗೆ ಹೋಗಿ ಸವೆತ ಶುರು.

ತಮಾಷೆ ಏನಂದ್ರೆ, ನಾವು ಇಷ್ಟು ಕಷ್ಟಪಟ್ಟು ಕಳೆಯೋ ಆ ಏರಿಳಿತ ಹುಕ್‌ಗೆ ಬೇಕಾಗಿತ್ತು. ನೆರಳಿನ ಗಡಿಯಾರದಲ್ಲಿ ನೆರಳು ಒಂದೇ ವೇಗದಲ್ಲಿ ಹೋಗಲ್ಲ. ಓರೆ ಜಾಯಿಂಟ್ ಹಾಕಿದ್ರೆ ಮುಳ್ಳು ಸರಿಯಾಗಿ ಆ ನೆರಳಿನ ಲೆಕ್ಕದಲ್ಲೇ ತಿರುಗುತ್ತೆ ಅಂತ ಅವನು ಕಂಡುಕೊಂಡಿದ್ದ.

ಹೀಗೆಲ್ಲ ಇದ್ದವನ ಹೆಸರು ಯಾಕೆ ಮಂಕಾಯ್ತು ಅಂದ್ರೆ ನ್ಯೂಟನ್ ವಿಷಯಕ್ಕೆ ಬರಬೇಕು. 1672ರಲ್ಲಿ ನ್ಯೂಟನ್ ಬೆಳಕಿನ ಬಗ್ಗೆ ಬರೆದಾಗ ಹುಕ್ ಸ್ವಲ್ಪ ದರ್ಪದಿಂದಲೇ ಟೀಕೆ ಮಾಡಿದ. ಅಲ್ಲಿಂದ ಇಬ್ಬರಿಗೂ ಆಗಿಬರಲಿಲ್ಲ. 1679-80ರಲ್ಲಿ ಪತ್ರ ವ್ಯವಹಾರ ನಡೀತು. ಗ್ರಹಗಳ ಚಲನೆಯನ್ನ ನೇರ ಹೋಗೋ ಓಟ ಮತ್ತು ಸೂರ್ಯನ ಕಡೆಯ ಸೆಳೆತ ಅಂತ ಎರಡಾಗಿ ಒಡೆದು ನೋಡಬಹುದು, ಆ ಸೆಳೆತ ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆ ಆಗುತ್ತೆ ಅಂತ ಹುಕ್ ಬರೆದ. 1684ರಲ್ಲಿ ಎಡ್ಮಂಡ್ ಹ್ಯಾಲಿ, ರೆನ್, ಹುಕ್ ಮೂವರೂ ಈ ವಿಷಯ ಮಾತಾಡ್ತಿದ್ದಾಗ ಹುಕ್ ನನ್ನ ಹತ್ತಿರ ಸಾಧನೆ ಇದೆ ಅಂದ. ರೆನ್ ಎರಡು ತಿಂಗಳ ಗಡುವು ಕೊಟ್ಟು 40 ಶಿಲಿಂಗ್ ಬೆಲೆಯ ಪುಸ್ತಕದ ಬಹುಮಾನ ಇಟ್ಟ. ಹುಕ್ ತೋರಿಸಲೇ ಇಲ್ಲ. ಹ್ಯಾಲಿ ಹೋಗಿ ನ್ಯೂಟನ್‌ನ ಕೇಳಿದ, 1687ರಲ್ಲಿ ಪ್ರಿನ್ಸಿಪಿಯಾ ಬಂತು. ನನ್ನ ಹೆಸರೂ ಬರಲಿ ಅಂತ ಹುಕ್ ಕೇಳಿದ್ದಕ್ಕೆ ನ್ಯೂಟನ್ ಸಿಟ್ಟಾಗಿ ಮೂರನೇ ಭಾಗವನ್ನೇ ತಡೆಹಿಡೀತೀನಿ ಅಂದ, ಇದ್ದ ಕಡೆ ಹುಕ್‌ನ ಹೆಸರು ಹೊಡೆದು ಹಾಕಿದ.

ನನ್ನ ಪ್ರಕಾರ ಇಬ್ಬರದೂ ತಪ್ಪಿದೆ. ಗಣಿತ ಪೂರ್ತಿ ನ್ಯೂಟನ್‌ದು, ಅದನ್ನ ಹುಕ್ ಮಾಡೋಕಾಗಲಿಲ್ಲ. ಗುರುತ್ವಾಕರ್ಷಣೆಯೇ ನಂದು ಅನ್ನೋ ಹಾಗೆ ಮಾತಾಡಿದ್ದು ಜಾಸ್ತಿ ಆಯ್ತು. ಆದ್ರೆ ದಾರಿ ತೋರಿಸಿದ ಪತ್ರಕ್ಕೆ ಒಂದು ಸಾಲಿನ ಕೃತಜ್ಞತೆ ಹೇಳಿದ್ರೆ ನ್ಯೂಟನ್‌ಗೆ ಏನು ಹೋಗ್ತಿತ್ತು? ಮಿನಿ ಪ್ರಾಜೆಕ್ಟ್ ಗ್ರೂಪ್‌ನಲ್ಲಿ ಐಡಿಯಾ ಕೊಟ್ಟವನು, ಕ್ಯಾಲ್ಕುಲೇಷನ್ ಮಾಡಿದವನು ರಿಪೋರ್ಟ್ ದಿನ ಜಗಳ ಆಡೋದನ್ನ ನೋಡಿರೋರಿಗೆ ಇದು ಹೊಸದಲ್ಲ.

ಪ್ರಿನ್ಸಿಪಿಯಾ ಬಂದ ವರ್ಷವೇ ಹುಕ್‌ನ ಮನೆ ನೋಡ್ಕೊಳ್ತಿದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಮದುವೆ ಆಗದ ಅವನಿಗೆ ಮನೆ ಅಂತ ಇದ್ದದ್ದು ಅವಳೊಬ್ಬಳೇ. ಆಮೇಲೆ ಅವನು ಮೊದಲಿನ ಹಾಗೆ ಆಗಲಿಲ್ಲ. ಕಾಲು ಊದಿಕೊಂಡವು, ಕಣ್ಣು ಹೋಯ್ತು. 1703ರ ಮಾರ್ಚ್ 3ರಂದು ಗ್ರೆಶಮ್ ಕಾಲೇಜಿನ ತನ್ನ ಕೋಣೆಯಲ್ಲಿ ತೀರಿಕೊಂಡ. ಬಡವನ ಥರ ಬದುಕಿದ್ದವನ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಸಿಕ್ಕಿತು, ಬಹುಪಾಲು ಲಂಡನ್ ಅಳೆದ ಕಾಲದ ದುಡಿಮೆ. ಅದೇ ವರ್ಷದ ಕೊನೆಗೆ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಬೆಳಕಿನ ಮೇಲಿನ ತನ್ನ ಪುಸ್ತಕವನ್ನ 1704ರಲ್ಲಿ, ಹುಕ್ ಇಲ್ಲದ ಮೇಲೆಯೇ, ತಂದ. ಹುಕ್‌ನದು ಅಂತ ಖಚಿತವಾಗಿ ಹೇಳಬಹುದಾದ ಒಂದೇ ಒಂದು ಚಿತ್ರವೂ ಇವತ್ತು ಉಳಿದಿಲ್ಲ. ನ್ಯೂಟನ್ನೇ ಹಾಳು ಮಾಡಿಸಿದ ಅನ್ನೋ ಮಾತು ಓಡಾಡುತ್ತೆ, ಅದಕ್ಕೆ ಪುರಾವೆ ಇಲ್ಲ.

2006ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಮನೆಯ ಕಪಾಟಿನಲ್ಲಿ 500ಕ್ಕೂ ಹೆಚ್ಚು ಪುಟಗಳ ಕೈಬರಹದ ಕಟ್ಟೊಂದು ಸಿಕ್ಕಿತು. ರಾಯಲ್ ಸೊಸೈಟಿ ಸುಮಾರು 10 ಲಕ್ಷ ಪೌಂಡ್ ಕೊಟ್ಟು ಅದನ್ನ ಕೊಂಡಿತು. ಹುಕ್‌ನ ಅಕ್ಷರ. ಸೊಸೈಟಿಯ ಹಳೆಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1677ರಲ್ಲಿ ತೀರಿಕೊಂಡ ಮೇಲೆ ಅವನು ಬರೆದಿಟ್ಟಿದ್ದ ಸಭೆಯ ನಡಾವಳಿಗಳನ್ನ ಹುಕ್ ಕೂತು ನಕಲು ಮಾಡಿಕೊಂಡಿದ್ದ. ಯಾವ ದಿನ ತಾನು ಏನು ಮಾಡಿ ತೋರಿಸಿದೆ, ಅದು ಬರಹದಲ್ಲಿ ಬಂದಿದೆಯೋ ಬಿಟ್ಟುಹೋಗಿದೆಯೋ ಅಂತ ಒಂದೊಂದೇ ಹುಡುಕಿ ಗುರುತು ಹಾಕಿದ್ದ.